ಮುರಿದ ಬೋಲ್ಟಿಗೆ ಎಕ್ಸ್‌ಟ್ರಾಕ್ಟರ್ ಹಾಕುವ ಮುನ್ನ

ಬೈಕಿನ ಕ್ಲಚ್ ಪ್ಲೇಟ್ ಬದಲಿಸಲೆಂದು ಎಂಜಿನ್ನಿನ ಬಲಬದಿಯ ಕವರ್ ಬಿಚ್ಚಲು ಕುಳಿತ ನಾನು, ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಿದ್ದ ಕೆಲಸವನ್ನು ಮೂರು ವಾರಗಳಿಗೆ ಎಳೆದುಕೊಂಡೆ. ಅದಕ್ಕೆ ಕಾರಣ ಒಂದೇ ಒಂದು ಎಂ6 ಆಲೆನ್ ಬೋಲ್ಟ್, ಅಂದರೆ ತಲೆಯಲ್ಲಿ ಆರು ಮೂಲೆಯ ಕುಳಿಯಿರುವ, 6 ಮಿ.ಮೀ. ದಪ್ಪದ ಬೋಲ್ಟ್. ಬೋಲ್ಟ್ ತುಂಡಾದದ್ದನ್ನು ಹೇಗೋ ಸರಿಪಡಿಸಬಹುದಿತ್ತು. ಅದನ್ನು ತೆಗೆಯಲು ಹಾಕಿದ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟಿನಲ್ಲಿ ರಂಧ್ರ ಕೊರೆದು, ಅದರಲ್ಲಿ ಕಚ್ಚಿಸಿ ತಿರುಗಿಸುವ ಉಪಕರಣ) ಅದರೊಳಗೇ ಮುರಿದ ಮೇಲೆ ಎಂಜಿನ್ ಕೇಸಿಗೇ ಕುತ್ತು ಬಂತು.

ಹತ್ತು ಬೋಲ್ಟುಗಳು ತಕರಾರಿಲ್ಲದೆ ಬಂದವು. ಹನ್ನೊಂದನೆಯದು ಎಲ್ಲಕ್ಕಿಂತ ಕೆಳಗೆ, ಮುಂದಿನ ಚಕ್ರದ ಕೆಸರು ನೇರವಾಗಿ ಬಡಿಯುವ ಜಾಗದಲ್ಲಿತ್ತು. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಕೇಸಿನೊಳಗೆ ವರ್ಷಗಟ್ಟಲೆ ನೀರು ಕುಡಿಯುತ್ತಿದ್ದರೆ ಅಲ್ಯೂಮಿನಿಯಂ ಸವೆದು, ಅದರ ಬಿಳಿಯ ಪುಡಿ ಥ್ರೆಡ್‌ಗಳ (ತಿರುಪಿನ ಸುರುಳಿಗೆರೆಗಳ) ನಡುವೆ ಗಾರೆಯಂತೆ ಗಟ್ಟಿಯಾಗುತ್ತದೆ. ಬೋಲ್ಟಿನ ತಲೆಯ ಕುಳಿಯಲ್ಲಿ ಒಣಗಿದ ಮಣ್ಣು ತುಂಬಿದ್ದುದರಿಂದ ನನ್ನ 5 ಮಿ.ಮೀ. ಆಲೆನ್ ಕೀ ಅರ್ಧದಷ್ಟೂ ಒಳಗಿಳಿದಿರಲಿಲ್ಲ, ಅದರ ಮೂಲೆಗಳೂ ಸವೆದಿದ್ದವು. ಇವೆರಡನ್ನೂ ನಾನು ನೋಡಿದ್ದು ಕೀ ಜಾರಿ, ಆರು ಮೂಲೆಯ ಕುಳಿ ದುಂಡಗಾದ ಮೇಲೆ. ಅಲ್ಲಿಗೆ ಕೈ ಎತ್ತಬೇಕಿತ್ತು. ಹಾಗೆ ಮಾಡದೆ, ಕುಳಿಗಿಂತ ತುಸು ದೊಡ್ಡದಾದ, ನಕ್ಷತ್ರಾಕಾರದ ತುದಿಯ ಟಾರ್ಕ್ಸ್ ಬಿಟ್ಟೊಂದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಹಿಡಿಕೆಗೆ ಪೈಪು ತೊಡಿಸಿ ಎಳೆದೆ. ಒಮ್ಮೆ ಸಡಿಲವಾದಂತೆ ಅನಿಸಿತು. ನಿಜವಾಗಿ ಬೋಲ್ಟ್ ತಿರುಚಿಕೊಳ್ಳುತ್ತಿತ್ತು. ಮರುಕ್ಷಣವೇ ಕೇಸಿನ ಮಟ್ಟದಲ್ಲಿ ತುಂಡಾಗಿ ತಲೆ ಕೈಗೆ ಬಂತು.

ಅನಂತರ ಮಾಡಿದ ತಪ್ಪಿನ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾಗಿದೆ. ಮುರಿದ ಬೋಲ್ಟಿನಲ್ಲಿ 3 ಮಿ.ಮೀ. ರಂಧ್ರ ಕೊರೆದು, ಎಡಗಡೆಗೆ ತಿರುಗುವ ಸುರುಳಿಯ ಎಕ್ಸ್‌ಟ್ರಾಕ್ಟರ್ ಇಳಿಸಿ ತಿರುಗಿಸಿದೆ. ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು: 6 ಮಿ.ಮೀ. ದಪ್ಪದ ಬೋಲ್ಟೇ ತಾಳಲಾರದೆ ಮುರಿದಿರುವಾಗ, ಅದರ ರಂಧ್ರದಲ್ಲಿ ಹಿಡಿಯುವ ಕಡ್ಡಿಯಷ್ಟು ಸಪೂರದ ಉಪಕರಣ ಅದನ್ನು ಹೇಗೆ ತಿರುಗಿಸೀತು? ಸಾಲದೆಂಬಂತೆ, ಬೆಣೆಯ ಆಕಾರದ ಎಕ್ಸ್‌ಟ್ರಾಕ್ಟರ್ ಒಳಗಿಳಿದಷ್ಟೂ ಬೋಲ್ಟನ್ನು ಹಿಗ್ಗಿಸಿ, ಥ್ರೆಡ್‌ಗಳಿಗೆ ಮತ್ತಷ್ಟು ಬಿಗಿಯಾಗಿ ಒತ್ತುತ್ತದೆ. ಅದು ಗಾಜಿನಂತೆ ಸದ್ದು ಮಾಡಿ ಮುರಿಯಿತು. ಮುರಿದ ತುಂಡು ಗಟ್ಟಿಗೊಳಿಸಿದ ಉಕ್ಕಿನದಾದ್ದರಿಂದ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಜಗ್ಗುವುದಿಲ್ಲ. ಹಟಕ್ಕೆ ಬಿದ್ದು ಮತ್ತೆ ಡ್ರಿಲ್ ಹಿಡಿದಾಗ ಅದರ ಬಿಟ್ ಆ ತುಂಡಿನ ಮೇಲಿಂದ ಜಾರಿ, ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಅನ್ನು ಬೆಣ್ಣೆಯಂತೆ ಕೊರೆಯುತ್ತ ಹೋಯಿತು.

ಕೊನೆಗೆ ಎಂಜಿನ್ ಇಳಿಸಿ ಲೇತ್ ಕೆಲಸದವರೊಬ್ಬರ ಬಳಿಗೆ ಒಯ್ದೆ. ಅವರು ಒಳಗೆ ಇಣುಕಿ ನೋಡಿ, ‘ಬರೀ ಬೋಲ್ಟ್ ಮುರಿದಾಗಲೇ ತಂದಿದ್ದರೆ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಿ ಕೊಡುತ್ತಿದ್ದೆ’ ಎಂದರು. ವೆಲ್ಡಿಂಗಿನ ಕಾವಿಗೇ ಎಷ್ಟೋ ಸಲ ತುಕ್ಕಿನ ಹಿಡಿತ ಬಿಡುತ್ತದೆಯಂತೆ. ಈಗ ಅವರು ಕಾರ್ಬೈಡ್ ಕಟರಿನಿಂದ ಆ ತುಂಡನ್ನು ಚೂರುಚೂರಾಗಿ ಕೆರೆದು ತೆಗೆಯಬೇಕಾಯಿತು. ರಂಧ್ರ ಮೊಟ್ಟೆಯಾಕಾರಕ್ಕೆ ಅಗಲವಾಗಿದ್ದುದರಿಂದ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಬದಲಿಗೆ ಕೂರಿಸುವ ತಂತಿಯ ಸುರುಳಿ) ಕೂರಿಸುವಂತಿರಲಿಲ್ಲ. ಅದನ್ನು ಅಲ್ಯೂಮಿನಿಯಂ ವೆಲ್ಡಿಂಗಿನಿಂದ ತುಂಬಿಸಿ, 5 ಮಿ.ಮೀ. ಬಿಟ್ಟಿನಿಂದ ಕೊರೆದು, ಹೊಸದಾಗಿ ಎಂ6 ಥ್ರೆಡ್ ಹಾಕಿದರು.

ನಿಮ್ಮ ಕೀ ಮೊದಲ ಸಲ ಜಾರಿದ ಕೂಡಲೇ ನಿಲ್ಲಿಸಿ. ಕುಳಿಯ ಮಣ್ಣನ್ನು ಸೂಜಿಯಿಂದ ಕೆರೆದು ತೆಗೆದು, ಸಂದುಗಳೊಳಗೆ ಇಳಿಯುವ ತೆಳುವಾದ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ಟು, ಬೋಲ್ಟಿನ ತಲೆಯ ಮೇಲೆ ಪಂಚ್ ಇಟ್ಟು ನೇರವಾಗಿ ನಾಲ್ಕೈದು ಏಟು ಕೊಡಿ. ಬೋಲ್ಟಿನ ಸುತ್ತಲಿನ ಕೇಸನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿದರೂ ಉಪಯೋಗವಿದೆ, ಏಕೆಂದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದರೆ ಪೆಟ್ರೋಲ್ ಟ್ಯಾಂಕನ್ನು ಮೊದಲೇ ಇಳಿಸಿ ದೂರವಿಡಿ, ಆಯಿಲ್ ಒರೆಸಿದ ಬಟ್ಟೆಯನ್ನೂ ಹತ್ತಿರ ಬಿಡಬೇಡಿ. ಕುಳಿ ಪೂರ್ತಿ ದುಂಡಗಾಗಿದ್ದರೆ, ಬೋಲ್ಟಿನ ಕಾಂಡದಷ್ಟೇ ದಪ್ಪದ ಬಿಟ್ಟಿನಿಂದ ತಲೆಯನ್ನು ಮಾತ್ರ ಕೊರೆದು ಹಾರಿಸಿ. ಆಗ ಕವರ್ ಎತ್ತಿ ತೆಗೆಯಬಹುದು, ಕವರಿನ ದಪ್ಪದಷ್ಟು ಉದ್ದದ ಬೋಲ್ಟ್ ಹೊರಗೆ ನಿಂತಿರುತ್ತದೆ, ತಲೆಯ ಬಿಗಿತ ಇಲ್ಲವಾದ್ದರಿಂದ ಗ್ರಿಪ್ ಪ್ಲೈಯರಿಗೆ ಅದು ಬಹಳ ಸಲ ಸುಲಭವಾಗಿ ಬರುತ್ತದೆ. ನಾನು ಬಲಪ್ರಯೋಗ ಮಾಡಿ ಕಳೆದುಕೊಂಡದ್ದು ಈ ಹಿಡಿತವನ್ನೇ. ಮುರಿದು ಕೇಸಿನ ಮಟ್ಟಕ್ಕೆ ನಿಂತಿದ್ದರೆ ಎಕ್ಸ್‌ಟ್ರಾಕ್ಟರ್ ಮುಟ್ಟದೆ ನೇರವಾಗಿ ವೆಲ್ಡಿಂಗ್ ಬಲ್ಲವರ ಬಳಿ ಒಯ್ಯಿರಿ.

ಕವರ್ ಮತ್ತೆ ಕೂರಿಸುವಾಗ ಉಳಿದ ಹತ್ತು ಬೋಲ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡರ ಕುಳಿಗಳ ಮೂಲೆಗಳು ಆಗಲೇ ಮಸುಕಾಗಿದ್ದವು. ಹನ್ನೊಂದನ್ನೂ ಹೊಸದಾಗಿ ತಂದು, ಹೊಸ ಕೀ ಹಿಡಿದು ಹಾಕಿದೆ.