ಎಸೆದು ಬರುವ ಯಾತ್ರೆ: ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 4ಕೆ ಡಿಸ್ಕ್ ಪೆಟ್ಟಿಗೆ

ನಮ್ಮ ಕಥೆಗಳಲ್ಲಿ ವೀರ ಹೊರಡುವುದು ಸಾಮಾನ್ಯವಾಗಿ ಏನನ್ನಾದರೂ ತರಲು. ಭೀಮ ಹೋದದ್ದು ಸೌಗಂಧಿಕಾ ಪುಷ್ಪಕ್ಕೆ, ಗರುಡ ಹೋದದ್ದು ಅಮೃತಕ್ಕೆ. ಪೀಟರ್ ಜ್ಯಾಕ್ಸನ್ ನಿರ್ದೇಶನದ ಈ ಮೂರು ಸಿನಿಮಾಗಳಲ್ಲಿ ಫ್ರೋಡೊ ಹೊರಡುವುದು ಕೈಯಲ್ಲಿರುವ ಉಂಗುರವನ್ನು ಬೆಂಕಿಗೆ ಎಸೆದು ಬರಲು. ಗೆದ್ದರೂ ಮನೆಗೆ ತರುವಂಥದ್ದು ಏನೂ ಇಲ್ಲ. ಹಾಗಾಗಿ ಕಥೆಯ ಭಾರವೆಲ್ಲ ದಾರಿಯ ಮೇಲೆಯೇ ಬೀಳುತ್ತದೆ. ಇನ್ನೆಷ್ಟು ದೂರವಿದೆ, ಬುತ್ತಿಯಲ್ಲಿ ಏನು ಉಳಿದಿದೆ, ಜೊತೆಗೆ ಬಂದವರಲ್ಲಿ ಮೊದಲು ಸೋಲುವವರು ಯಾರು? ಪ್ರೇಕ್ಷಕರಿಗೆ ಇದು ಮನಸ್ಸಿಗೆ ಹತ್ತದಿದ್ದರೆ ಎಷ್ಟು ದೊಡ್ಡ ಯುದ್ಧ ತೋರಿಸಿದರೂ ವ್ಯರ್ಥ. 2020ರ ಡಿಸೆಂಬರ್‌ನಲ್ಲಿ ಬಂದ 4ಕೆ (ಬ್ಲೂರೇಗಿಂತ ಹೆಚ್ಚು ಸ್ಪಷ್ಟ ಚಿತ್ರದ) ಪೆಟ್ಟಿಗೆಯನ್ನು ಇಲ್ಲಿ ಅಳೆದಿರುವುದು ಇದೇ ಅಳತೆಗೋಲಿನಿಂದ.

ಪೆಟ್ಟಿಗೆಯಲ್ಲಿ ಒಂಬತ್ತು ಡಿಸ್ಕ್‌ಗಳಿವೆ. ಪ್ರತಿ ಸಿನಿಮಾದ ಚಿತ್ರಮಂದಿರದ ಆವೃತ್ತಿ ಒಂದು ಡಿಸ್ಕ್‌ನಲ್ಲಿ, ದೃಶ್ಯಗಳನ್ನು ಸೇರಿಸಿದ ವಿಸ್ತೃತ ಆವೃತ್ತಿ ಎರಡು ಡಿಸ್ಕ್‌ಗಳಲ್ಲಿ. ಚಿತ್ರಮಂದಿರದ ಆವೃತ್ತಿಗಳ ಅವಧಿ 178, 179 ಮತ್ತು 201 ನಿಮಿಷ. ವಿಸ್ತೃತ ಆವೃತ್ತಿಗಳದ್ದು 228, 235 ಮತ್ತು 263. ಎರಡನೆಯ ಸಾಲನ್ನು ನೋಡಿ ಗಾಬರಿಯಾಗಬೇಡಿ. ಅಭಿಮಾನಿ ಸಂಘದ ಸದಸ್ಯರ ಹೆಸರುಗಳು ಕೊನೆಯಲ್ಲಿ ಉದ್ದಕ್ಕೆ ಓಡುತ್ತವೆ. ಮೊದಲ ಸಿನಿಮಾದಲ್ಲಿ ಅದಕ್ಕೇ ಸುಮಾರು 20 ನಿಮಿಷ ಹೋಗುತ್ತದೆ, ಅಲ್ಲಿ ನಿಜವಾಗಿ ಹೆಚ್ಚಾದ ಕಥೆ ಅರ್ಧ ಗಂಟೆಯಷ್ಟು. ಡಿಸ್ಕ್ ಬದಲಿಸುವುದು ಕಿರಿಕಿರಿ ಅನ್ನುವವರಿಗೂ ಮೊದಲ ಸಿನಿಮಾವನ್ನು ಎರಡು ಡಿಸ್ಕ್‌ಗಳಿಗೆ ಒಡೆದ ಬಗೆ ಇಷ್ಟವಾಗುತ್ತದೆ. ರಿವೆಂಡೆಲ್‌ನ ಸಭೆಯಲ್ಲಿ ಒಂಬತ್ತು ಮಂದಿ ಒಟ್ಟುಗೂಡಿ ಯಾತ್ರೆಗೆ ಹೆಸರು ಬಿದ್ದ ಕ್ಷಣಕ್ಕೇ ಮೊದಲ ಡಿಸ್ಕ್ ಮುಗಿಯುತ್ತದೆ. ಅದಕ್ಕಿಂತ ಒಳ್ಳೆಯ ಮಧ್ಯಂತರ ಸಿಗದು.

ಮೊದಲ ಎರಡು ಸಿನಿಮಾಗಳನ್ನು ವಿಸ್ತೃತ ಆವೃತ್ತಿಯಲ್ಲೇ ನೋಡಬೇಕು. ಲೋಥ್ಲೋರಿಯೆನ್ ಕಾಡು ಬಿಡುವಾಗ ಅಲ್ಲಿನ ಒಡತಿ ಗಲಾಡ್ರಿಯೆಲ್ ಒಬ್ಬೊಬ್ಬರಿಗೂ ಕೊಡುವ ಉಡುಗೊರೆಗಳ ದೃಶ್ಯ ಇಲ್ಲಿ ಇಡಿಯಾಗಿ ಇದೆ. ಫ್ರೋಡೊನ ಜೊತೆಗಾರ ಸ್ಯಾಮ್‌ಗೆ ಹಗ್ಗ ಸಿಗುವುದು ಅಲ್ಲೇ. ಎರಡನೆಯ ಸಿನಿಮಾದ ಆರಂಭದಲ್ಲಿ ಇಬ್ಬರೂ ಬಂಡೆ ಇಳಿಯುವುದು ಅದೇ ಹಗ್ಗ ಹಿಡಿದು. ಆ ಇಳಿತದ ನಡುವೆ ಸ್ಯಾಮ್‌ನ ಕೈಯಿಂದ ಒಂದು ಪುಟ್ಟ ಡಬ್ಬಿ ಜಾರುತ್ತದೆ. ಒಳಗಿರುವುದು ಊರಿನ ಉಪ್ಪು. ದಾರಿಯಲ್ಲಿ ಎಲ್ಲಾದರೂ ಕೋಳಿ ಸುಡುವ ಯೋಗ ಬಂದರೆ ಇರಲಿ ಎಂದು ಕಟ್ಟಿಕೊಂಡು ಬಂದದ್ದು. ಲೋಕವನ್ನೇ ಉಳಿಸಲು ಹೊರಟವನ ಗಂಟಿನಲ್ಲಿ ಉಪ್ಪು! ಈ ಯಾತ್ರೆ ಎಷ್ಟು ದೂರದ್ದು, ಹೊರಟವರು ಎಂಥವರು ಎಂಬುದನ್ನು ಆ ಡಬ್ಬಿ ಹೇಳಿದಷ್ಟು ಚೆನ್ನಾಗಿ ಯಾವ ಯುದ್ಧವೂ ಹೇಳುವುದಿಲ್ಲ. ಚಿತ್ರಮಂದಿರದ ಆವೃತ್ತಿಯಲ್ಲಿ ಇದನ್ನು ಕತ್ತರಿಸಿದ್ದಾರೆ.

ಸೇನಾನಿ ಫಾರಮಿರ್‌ನ ವಿಷಯ ಇನ್ನೂ ಮುಖ್ಯ. ಚಿತ್ರಮಂದಿರದ ಆವೃತ್ತಿಯಲ್ಲಿ ಅವನು ಫ್ರೋಡೊನನ್ನು ಹಿಡಿದು ಆಸ್ಗಿಲಿಯತ್ ನಗರಕ್ಕೆ ಎಳೆದೊಯ್ಯುವುದು ಕಥೆ ಎಳೆಯಲೆಂದೇ ಹಾಕಿದ ಅಡ್ಡಿಯಂತೆ ಕಾಣುತ್ತದೆ. ವಿಸ್ತೃತ ಆವೃತ್ತಿಯಲ್ಲಿ ತಂದೆ ಡೆನೆಥರ್ ಯಾತ್ರೆಯ ಒಂಬತ್ತು ಮಂದಿಯಲ್ಲಿ ಒಬ್ಬನಾದ ಹಿರಿಯ ಮಗ ಬೊರೊಮಿರ್‌ನನ್ನು ತಲೆಯ ಮೇಲೆ ಹೊತ್ತು, ಕಿರಿಯವನನ್ನು ಕಡೆಗಣಿಸುವ ಹಿಂದಿನ ದೃಶ್ಯವೊಂದಿದೆ. ಉಂಗುರ ತಾ ಎಂದು ಬೊರೊಮಿರ್‌ನನ್ನು ಕಳಿಸಿದ್ದೂ ಆ ತಂದೆಯೇ. ಇಷ್ಟು ತಿಳಿದ ಮೇಲೆ ಫಾರಮಿರ್‌ನ ಆಸೆಗೂ, ಕೊನೆಗೆ ಅವನು ಫ್ರೋಡೊನನ್ನು ಬಿಟ್ಟುಬಿಡುವುದಕ್ಕೂ ಬೆಲೆ ಬರುತ್ತದೆ.

ಮೂರನೆಯ ಸಿನಿಮಾದಲ್ಲಿ ಲೆಕ್ಕ ತಿರುಗುಮುರುಗು. ಸಿಂಹಾಸನದ ವಾರಸುದಾರ ಅರಾಗಾರ್ನ್ ಪ್ರೇತಸೈನ್ಯವನ್ನು ಒಲಿಸಿಕೊಂಡನೇ ಇಲ್ಲವೇ ಎಂಬುದು ಚಿತ್ರಮಂದಿರದ ಆವೃತ್ತಿಯಲ್ಲಿ ಗುಟ್ಟಾಗಿಯೇ ಉಳಿದು, ಹಡಗುಗಳಿಂದ ಅವು ಧುಮುಕಿದಾಗ ಎದೆ ಝಲ್ಲೆನ್ನುತ್ತದೆ. ವಿಸ್ತೃತ ಆವೃತ್ತಿ ಆ ಉತ್ತರವನ್ನು ಮೊದಲೇ ಕೊಟ್ಟು ರೋಮಾಂಚನವನ್ನು ಕೊಲ್ಲುತ್ತದೆ. ಶತ್ರುಪಡೆಯ ಮಾಟಗಾರ ರಾಜನು ಯಾತ್ರಿಕರ ಕಡೆಯ ಮಾಂತ್ರಿಕ ಗ್ಯಾಂಡಾಲ್ಫ್‌ನ ಕೋಲನ್ನು ಒಡೆಯುವ ದೃಶ್ಯ ಕಣ್ಣಿಗೆ ದೊಡ್ಡದು, ಆದರೆ ಬೆಂಕಿಯ ದೈತ್ಯ ಬಾಲ್‌ರಾಗ್‌ನನ್ನೇ ಸೋಲಿಸಿ ಬಂದವನಿಗೆ ಅದು ಹೊಂದುವುದಿಲ್ಲ. ಕಪ್ಪು ದ್ವಾರದಲ್ಲಿ ಮಾತಾಡಲು ಬಂದ, ಉಂಗುರದ ದುಷ್ಟ ಒಡೆಯ ಸೌರಾನ್‌ನ ದೂತನ ತಲೆಯನ್ನು ಅರಾಗಾರ್ನ್ ಕತ್ತರಿಸುವುದಂತೂ ಸರಿಯೇ ಅಲ್ಲ. ದೂತನನ್ನು ಕೊಲ್ಲಬಾರದೆಂದು ಲಂಕೆಯ ಸಭೆಯಲ್ಲೇ ವಿಭೀಷಣ ಹೇಳಿದ್ದ. ರಾಜನಾಗಲಿರುವವನಿಗೆ ಅಷ್ಟು ತಿಳಿಯಬೇಡವೇ?

ಆದರೂ ವಿಸ್ತೃತ ಆವೃತ್ತಿಯ ಒಂದು ದೃಶ್ಯವನ್ನು ಬಿಡಬಾರದು. ಶತ್ರುವಿನ ಕಡೆ ಸೇರಿದ ಮಾಂತ್ರಿಕ ಸಾರುಮಾನ್ ಏನಾದ ಎಂಬುದನ್ನು ಚಿತ್ರಮಂದಿರದ ಆವೃತ್ತಿ ತೋರಿಸುವುದೇ ಇಲ್ಲ. ಆ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಅವರ ದೃಶ್ಯವನ್ನು ಪೂರ್ತಿ ತೆಗೆದಿದ್ದರು. ಹಾಗಾಗಿ ಹೊಸಬರಿಗೆ ತೋರಿಸುವಾಗ ಹೀಗೆ ಮಾಡಿ: ವಿಸ್ತೃತ ಆವೃತ್ತಿಯ ಮೊದಲ ಡಿಸ್ಕ್ ಹಾಕಿ, ಐಸೆನ್‌ಗಾರ್ಡ್‌ನಲ್ಲಿ ಸಾರುಮಾನ್ ಗೋಪುರದಿಂದ ಬೀಳುವವರೆಗೆ ನೋಡಿ. ಆಮೇಲೆ ಚಿತ್ರಮಂದಿರದ ಡಿಸ್ಕ್‌ಗೆ ಬದಲಿಸಿ, ಅಧ್ಯಾಯಗಳ ಪಟ್ಟಿಯಿಂದ ಅಲ್ಲಿಂದಲೇ ಮುಂದುವರಿಸಿ. ಎರಡನೆಯ ಸಲ ನೋಡುವವರು ಪೂರ್ತಿ ವಿಸ್ತೃತವನ್ನೇ ನೋಡಲಿ.

ಚಿತ್ರದ ಗುಣಮಟ್ಟದಲ್ಲಿ ದೊಡ್ಡ ಲಾಭವಾಗಿರುವುದು ಬಣ್ಣಕ್ಕೆ. 2011ರ ವಿಸ್ತೃತ ಬ್ಲೂರೇಯಲ್ಲಿ ಮೊದಲ ಸಿನಿಮಾದ ಮೇಲೆ ಹಸಿರು ಛಾಯೆ ಕೂತಿತ್ತು, ಹಿಮಕ್ಕೂ ಅದೇ ಬಣ್ಣ. 4ಕೆಯಲ್ಲಿ ಅದು ಹೋಗಿದೆ, ಮೂರೂ ಸಿನಿಮಾಗಳು ಒಂದೇ ಲೋಕದಂತೆ ಕಾಣುತ್ತವೆ. ಮೋರಿಯಾ ಗಣಿಯ ಕತ್ತಲೆಯಲ್ಲಿ ಕಂಬಗಳ ಅಂಚು ಬಿಡಿಬಿಡಿಯಾಗಿ ಗೋಚರಿಸುತ್ತದೆ. ದೋಷವೂ ಇದೆ. 35 ಎಂಎಂ ಫಿಲ್ಮ್‌ನ ಸಹಜ ಕಣಗಳನ್ನು ಅತಿಯಾಗಿ ಉಜ್ಜಿ ತೆಗೆದಿರುವುದರಿಂದ ಕೆಲವು ಸಮೀಪದೃಶ್ಯಗಳಲ್ಲಿ ಮುಖದ ಚರ್ಮ ಮೇಣದಂತಿದೆ. ಗ್ರಾಫಿಕ್ಸ್ ದೃಶ್ಯಗಳನ್ನು ಆಗ 2ಕೆಯಲ್ಲಿ ಮಾಡಿದ್ದರಿಂದ ಅವು ಉಳಿದವುಗಳಿಗಿಂತ ಮೆದುವಾಗಿ ಕಾಣುತ್ತವೆ. 1:72 ಅಳತೆಯಲ್ಲಿ ಕಟ್ಟಿದ ಮಿನಾಸ್ ತಿರಿತ್ ನಗರದ ಮಾದರಿ ಮಾತ್ರ ಈಗಲೂ ಕಲ್ಲಿನದೇ ಅನ್ನಿಸುತ್ತದೆ.

ಸಾಮಾನ್ಯ ಬ್ಲೂರೇ ಪ್ಲೇಯರ್‌ನಲ್ಲಿ ಈ ಡಿಸ್ಕ್‌ಗಳು ಓಡುವುದಿಲ್ಲ, ಪ್ಲೇಸ್ಟೇಷನ್ 4 ಪ್ರೋದಲ್ಲೂ ಇಲ್ಲ. 4ಕೆ ಪ್ಲೇಯರ್ ಬೇಕು, ಇಲ್ಲವೇ ಡಿಸ್ಕ್ ಹಾಕುವ ಸೌಲಭ್ಯವಿರುವ ಪ್ಲೇಸ್ಟೇಷನ್ 5. ಬೆಳಕು ಬಣ್ಣಗಳನ್ನು ಎತ್ತಿ ತೋರಿಸುವ ಎರಡು ಬಗೆಗಳಲ್ಲಿ ಅದರಲ್ಲಿ ಡಾಲ್ಬಿ ವಿಷನ್ ಬರುವುದಿಲ್ಲ, ಎಚ್‌ಡಿಆರ್10 ಬರುತ್ತದೆ, ಸಾಕು. 4ಕೆ ಡಿಸ್ಕ್‌ಗಳಿಗೆ ಪ್ರದೇಶದ ಬೀಗವಿಲ್ಲ. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟರೂ ಇಲ್ಲಿ ಓಡುತ್ತವೆ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿಬಿಡಿ, ಇಲ್ಲದಿದ್ದರೆ 24 ಫ್ರೇಮ್‌ನ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಚಿತ್ರದ ಅನುಪಾತ 2.39:1 ಆದ್ದರಿಂದ ಪರದೆಯ ಎತ್ತರದ ಕಾಲು ಭಾಗ ಮೇಲೆ ಕೆಳಗೆ ಕಪ್ಪಾಗಿರುತ್ತದೆ, ಅದನ್ನು ಝೂಮ್ ಮಾಡಿ ತುಂಬಿಸಬೇಡಿ. ಡಾಲ್ಬಿ ಅಟ್ಮಾಸ್ ಧ್ವನಿಯಲ್ಲಿ ಕದನ ಗುಡುಗಿ ಮಾತು ಮುಳುಗಿದರೆ ರಿಸೀವರ್‌ನಲ್ಲಿ ಮಧ್ಯದ ಸ್ಪೀಕರನ್ನು 2 ಡೆಸಿಬೆಲ್ ಏರಿಸಿ.

ಈ ಪೆಟ್ಟಿಗೆಯಲ್ಲಿ ನಿರ್ಮಾಣದ ಸಾಕ್ಷ್ಯಚಿತ್ರಗಳಿಲ್ಲ, ಇಷ್ಟು ಬೆಲೆಗೆ ಅದು ಅನ್ಯಾಯವೇ. ಹಳೆಯ ನಾಲ್ಕು ಡಿಸ್ಕ್‌ಗಳ ಡಿವಿಡಿ ಸೆಟ್ಟುಗಳು ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಮಿನಾಸ್ ತಿರಿತ್‌ನಂಥ ಮಾದರಿಗಳನ್ನು ಕಟ್ಟಿದ ಬಗೆ, ಕತ್ತಿ ಕವಚಗಳನ್ನು ಮಾಡಿದ ಬಗೆ ಎಲ್ಲ ಅವುಗಳ ಕೊನೆಯ ಎರಡು ಡಿಸ್ಕ್‌ಗಳಲ್ಲಿದೆ.