ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿಯನ್ನು ಸುಮ್ಮನೆ ನಂಬಬೇಡಿ

ಕಂಪನಿ ವಾರಂಟಿ ಇನ್ನೂ ಉಳಿದಿದೆ ಎಂಬ ಧೈರ್ಯದಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಇದನ್ನು ಓದಿ.

ನಾನು ಕೊಂಡ ಕಾರಿನ ಗೇರ್‌ಬಾಕ್ಸ್ ವಾರಂಟಿ ಅವಧಿಯೊಳಗೇ ಕೈಕೊಟ್ಟಿತು. ಸರ್ವಿಸ್ ಕೇಂದ್ರದವರು ಲ್ಯಾಪ್‌ಟಾಪ್ ಜೋಡಿಸಿ ನೋಡಿ, ‘ಎಂಜಿನ್ ಸಾಫ್ಟ್‌ವೇರ್ ತಿದ್ದಲಾಗಿದೆ, ಇನ್ನು ಈ ಗಾಡಿಗೆ ವಾರಂಟಿ ಇಲ್ಲ’ ಎಂದುಬಿಟ್ಟರು. ತಿದ್ದಿಸಿದವರು ಹಿಂದಿನ ಮಾಲೀಕರು. ಪ್ರತ್ಯೇಕ ಹಣ ಕೊಟ್ಟರಷ್ಟೇ ಕಂಪನಿ ಸಾಫ್ಟ್‌ವೇರ್ ಮೂಲಕ ತೆರೆದುಕೊಡುವ ಸೀಟ್ ಹೀಟರನ್ನು (ಸೀಟು ಬೆಚ್ಚಗಾಗಿಸುವ ಸೌಲಭ್ಯ) ಹೊರಗಿನವರಿಂದ ತೆರೆಸಿ, ಎಂಜಿನ್ ಶಕ್ತಿಗೆ ಹಾಕಿದ್ದ ಮಿತಿಯನ್ನೂ ಸಡಿಲಿಸಿದ್ದರು. ಮಾರುವ ಮುನ್ನ ಎಂಜಿನ್ನಿಗೆ ಮೂಲ ಸಾಫ್ಟ್‌ವೇರನ್ನು ಮತ್ತೆ ತುಂಬಿಸಿದ್ದರು. ಹೀಟರನ್ನು ಮಾತ್ರ ಮುಟ್ಟಲಿಲ್ಲ. ‘ಎಲ್ಲ ಸೌಲಭ್ಯವೂ ಇದೆ’ ಎಂದು ಹೇಳಿಕೊಳ್ಳಲು ಅದು ಬೇಕಿತ್ತಲ್ಲ!

ಮೂಲಕ್ಕೆ ಮರಳಿಸಿದರೆ ಸುಳಿವೇ ಸಿಗುವುದಿಲ್ಲ ಎನ್ನುವ ಟ್ಯೂನರ್‌ಗಳ, ಅಂದರೆ ಹೀಗೆ ಎಂಜಿನ್ ಸಾಫ್ಟ್‌ವೇರ್ ತಿದ್ದಿಕೊಡುವವರ, ಮಾತಿಗೆ ಮರುಳಾಗಬೇಡಿ. ಸಾಫ್ಟ್‌ವೇರ್ ಎಷ್ಟು ಬಾರಿ ಬರೆಯಲ್ಪಟ್ಟಿದೆ ಎಂಬ ಎಣಿಕೆ ಅನೇಕ ಕಾರುಗಳ ಕಂಟ್ರೋಲ್ ಯೂನಿಟ್‌ನಲ್ಲೇ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಉಳಿಯುತ್ತದೆ. ಮೂಲ ಫೈಲನ್ನು ಹಾಕಿದಾಗಲೂ ಆ ಎಣಿಕೆ ಏರುತ್ತದೆ. ಕಂಪನಿಯ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದಲ್ಲಿ ಸಾಫ್ಟ್‌ವೇರ್ ತಿದ್ದಿದ್ದು ಪತ್ತೆಯಾದಾಗ ಹಾಕುವ ‘ಟಿಡಿ1’ ಎಂಬ ಗುರುತು ಚಾಸಿ ಸಂಖ್ಯೆಗೇ ಅಂಟಿಕೊಳ್ಳುತ್ತದೆ, ಮಾಲೀಕರು ಬದಲಾದರೂ ಹೋಗುವುದಿಲ್ಲ. 2020ರಲ್ಲಿ ಟೆಸ್ಲಾ ಮಾಡೆಲ್ 3ರ ಶಕ್ತಿ ಹೆಚ್ಚಿಸಲು ಹೊರಗಿನ ಸಾಧನ ಹಾಕಿಸಿದ್ದವರಿಗೆ, ಅಪ್‌ಡೇಟ್ ಬಂದ ಮೇಲೆ ಕಾರಿನ ಪರದೆಯೇ ಹೊಂದಾಣಿಕೆಯಾಗದ ಮಾರ್ಪಾಡು ಪತ್ತೆಯಾಗಿದೆ ಎಂದು ಎಚ್ಚರಿಸತೊಡಗಿತ್ತು.

ಕಂಪನಿಗಳ ಪರ ವಕಾಲತ್ತು ವಹಿಸುತ್ತಿಲ್ಲ. ಸೀಟಿನೊಳಗೆ ಆಗಲೇ ಹಾಕಿರುವ ತಂತಿಗೆ ತಿಂಗಳ ಚಂದಾ ಕೇಳುವುದು ಶುದ್ಧ ದುರಾಸೆ. ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಹಾಗೆ ಕೇಳಿ, 2022ರಲ್ಲಿ ಎಲ್ಲರಿಂದ ಉಗಿಸಿಕೊಂಡು, 2023ರಲ್ಲಿ ಕೈಬಿಟ್ಟಿತು.

ಹಾಗೆಂದು ‘ಇಡೀ ಗಾಡಿಗೆ ವಾರಂಟಿ ಇಲ್ಲ’ ಎಂಬ ಮಾತನ್ನು ಒಪ್ಪಿಕೊಂಡು ಬರಬೇಡಿ. ಯಾವ ಮಾರ್ಪಾಡು, ಯಾವ ಭಾಗ, ಕೆಟ್ಟದ್ದಕ್ಕೂ ಅದಕ್ಕೂ ಏನು ಸಂಬಂಧ ಎಂದು ಬರವಣಿಗೆಯಲ್ಲಿ ಕೇಳಿ. ಹೊರಗಿನ ಬಿಡಿಭಾಗ ಬಳಸಿದ ಮಾತ್ರಕ್ಕೆ ವಾರಂಟಿ ರದ್ದು ಮಾಡದಂತೆ ಅಮೆರಿಕದಲ್ಲಿ 1975ರ ಮ್ಯಾಗ್ನಸನ್–ಮಾಸ್ ಕಾಯ್ದೆ ತಡೆಯುತ್ತದೆ. ಆದರೆ ಮಾರ್ಪಾಡಿನಿಂದಲೇ ಆದ ಹಾನಿಗೆ ಅಲ್ಲಿಯೂ ರಕ್ಷಣೆಯಿಲ್ಲ. ಬೇರೆ ದೇಶಗಳಲ್ಲಿ ಆಯಾ ಕಾನೂನು ಮತ್ತು ವಾರಂಟಿ ಪುಸ್ತಿಕೆಯ ಷರತ್ತು ನೋಡಬೇಕು. ಸೀಟ್ ಹೀಟರನ್ನು ನೆಪ ಮಾಡಿ ಗೇರ್‌ಬಾಕ್ಸ್ ನಿರಾಕರಿಸಿದ್ದರೆ ನಾನು ಬಿಡುತ್ತಿರಲಿಲ್ಲ. ಹೆಚ್ಚಿಸಿದ ಟಾರ್ಕಿನ (ಎಂಜಿನ್ನಿನ ತಿರುಗಿಸುವ ಬಲದ) ಹೊರೆ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ಬೀಳುವುದರಿಂದ ನನ್ನ ವಾದ ನಿಲ್ಲಲಿಲ್ಲ. ಪತ್ರ ಬರೆದದ್ದರಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ಬಿಟ್ಟು ಉಳಿದ ಭಾಗಗಳ ವಾರಂಟಿ ಮರಳಿತು. ಗೇರ್‌ಬಾಕ್ಸಿನ ಖರ್ಚು ಮಾತ್ರ ನನ್ನ ತಲೆಯ ಮೇಲೆಯೇ ಬಿತ್ತು.

ಮುಂಗಡ ಕೊಡುವ ಮೊದಲೇ ಚಾಸಿ ಸಂಖ್ಯೆ ಹಿಡಿದು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ವಾರಂಟಿಯ ಸ್ಥಿತಿಯನ್ನು ಲಿಖಿತವಾಗಿ ಪಡೆಯಿರಿ. ಸಾಫ್ಟ್‌ವೇರ್ ಮಾರ್ಪಾಡು ಎಂದೂ ಮಾಡಿಸಿಲ್ಲ ಎಂಬ ಒಂದು ಸಾಲನ್ನು ಮಾರಾಟದ ಕರಾರಿನಲ್ಲಿ ಬರೆಸಿಕೊಳ್ಳಿ. ಮಾರುವವರು ಆ ಸಾಲಿಗೆ ಸಹಿ ಹಾಕಲು ತಡವರಿಸಿದರೆ ಬೇರೆ ಕಾರು ನೋಡಿ.