ದೋಣಿಮನೆಯ ಕ್ಯಾಸೆಟ್ ಟಾಯ್ಲೆಟ್: ಮೂರು ವರ್ಷ ಹೊತ್ತ ಮೇಲೆ

ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನಮ್ಮದೊಂದು ನ್ಯಾರೋಬೋಟ್, ಅಂದರೆ ಉದ್ದನೆಯ ಕಿರಿದಾದ ದೋಣಿ, ಇದೆ. ಗಂಡ ಹೆಂಡತಿ ಅದರಲ್ಲೇ ಸಂಸಾರ ಹೂಡಿ ಐದು ವರ್ಷವಾಯಿತು. ಊರಿಂದ ಅಮ್ಮ ಫೋನ್ ಮಾಡಿದರೆ ಈಗಲೂ ಮೊದಲ ಪ್ರಶ್ನೆ, "ಕಕ್ಕಸಿಗೆ ಏನ್ ಮಾಡ್ತೀರೋ?"

ಒಳ್ಳೆಯ ಪ್ರಶ್ನೆಯೇ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಇಲ್ಲಿ ಸೀದಾ ಕಾಲುವೆಗೆ ಹೋಗುತ್ತದೆ. ಟಾಯ್ಲೆಟ್ಟಿನದು ಮಾತ್ರ ಒಂದು ಹನಿಯೂ ಬೀಳುವಂತಿಲ್ಲ.

ಮೊದಲ ಎರಡು ವರ್ಷ ಮಂಚದ ಕೆಳಗೆ ದೊಡ್ಡ ಟ್ಯಾಂಕ್ ಇತ್ತು. ತಿಂಗಳಿಗೊಮ್ಮೆ ಪಂಪ್-ಔಟ್ ಮೆಷಿನ್ ಇರುವ ಕಡೆ ಹೋಗಿ, ದುಡ್ಡು ಕೊಟ್ಟು, ಪೈಪ್ ಹಚ್ಚಿ ಎಳೆಸಿದರೆ ಮುಗಿಯಿತು. ಕೈ ಕೊಳೆಯಾಗುವುದಿಲ್ಲ. ಆದರೆ ಟ್ಯಾಂಕಿನ ಗಾಳಿ ಪೈಪ್ ಕಟ್ಟಿಕೊಂಡರೆ ಕೊಳೆತ ಮೊಟ್ಟೆಯ ವಾಸನೆ, ಅದೂ ಮಲಗುವ ಜಾಗದಲ್ಲಿ! ಅದನ್ನೂ ಸಹಿಸಿದೆವು. ಒಂದು ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು. ಟ್ಯಾಂಕ್ ತುಂಬಿದೆ, ದೋಣಿ ಕದಲುವುದಿಲ್ಲ. ಐಸ್ ಒಡೆದುಕೊಂಡು ಹೊರಟರೆ ತಳದ ಕರಿ ಬಣ್ಣ ಕೆರೆದು ಹೋಗುತ್ತದೆ, ಪಕ್ಕದ ದೋಣಿಯವರೂ ಸುಮ್ನೆ ಬಿಡುವುದಿಲ್ಲ. ಒಂಬತ್ತು ದಿನ ಹತ್ತಿರದ ಪಬ್ಬಿಗೆ ಹೋಗಿ ಕಾಫಿ ಕುಡಿದೆವು. ಕಾಫಿ ಬರೀ ನೆಪ.

ಆಮೇಲೆ ಬಂದದ್ದು ಈ ಕ್ಯಾಸೆಟ್. ಸೀಟಿನ ಕೆಳಗಿಂದ ಸೂಟ್‌ಕೇಸಿನಂತೆ ಎಳೆದು ತೆಗೆಯುವ, ಸುಮಾರು 20 ಲೀಟರಿನ ಪ್ಲಾಸ್ಟಿಕ್ ಡಬ್ಬ. ದೋಣಿ ಕದಲದಿದ್ದರೂ ನಾವು ನಡೆದು ಹೋಗಬಹುದಲ್ವಾ? ಖಾಲಿ ಮಾಡುವ ಜಾಗಕ್ಕೆ ಎಲ್ಸನ್ ಪಾಯಿಂಟ್ ಅನ್ನುತ್ತಾರೆ, ಹಳೇ ಕಾಲದ ಕೆಮಿಕಲ್ ಟಾಯ್ಲೆಟ್ ಬ್ರಾಂಡಿನ ಹೆಸರು. ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ಜಾಗಗಳಲ್ಲಿ ಅದಕ್ಕೆ ಬೇರೆ ದುಡ್ಡಿಲ್ಲ, ದೋಣಿಯ ಲೈಸೆನ್ಸಿನಲ್ಲೇ ಸೇರಿದೆ.

ಸುರಿಯುವುದಕ್ಕೆ ಒಂದು ಕೈಗುಣ ಬೇಕು. ಮೂತಿಯನ್ನು ತೊಟ್ಟಿಯ ಕಡೆ ತಿರುಗಿಸಿ, ಡಬ್ಬ ಬಗ್ಗಿಸಿದ ಮೇಲೆ ಹೆಬ್ಬೆರಳಿನಲ್ಲಿ ಗಾಳಿ ಬಟನ್ ಒತ್ತಿ ಹಿಡಿಯಬೇಕು. ಆಗ ಒಂದೇ ಧಾರೆಯಾಗಿ ಇಳಿಯುತ್ತದೆ. ಮರೆತರೆ ಬುಳುಕ್ ಬುಳುಕ್ ಅಂತ ಎಗರುತ್ತದೆ, ಪ್ಯಾಂಟಿಗೇ. ನಾನು ಒಂದೇ ಸಲ ಮರೆತದ್ದು.

ಎಷ್ಟು ದಿನಕ್ಕೆ ತುಂಬುತ್ತದೆ ಎಂಬ ಕಂಪನಿಯವರ ಲೆಕ್ಕ ಪೇಪರ್ ಬಳಸುವವರದು. ನಾವು ಮಗ್ಗಲ್ಲಿ ನೀರು ಹಾಕಿಕೊಳ್ಳುವ ಜನ, ಹಾಗಾಗಿ ಎರಡು ದಿನಕ್ಕೇ ಡಬ್ಬ ತುಂಬಿತೆಂಬ ಕೆಂಪು ಗುರುತು. ತುಂಬಿದ್ದು 20 ಕಿಲೋ ಮೀರುತ್ತದೆ. ಕಾಲುವೆ ಪಕ್ಕದ ಕೆಸರಲ್ಲಿ ಅದರ ಪುಟ್ಟ ಚಕ್ರ ಉರುಳುವುದಿಲ್ಲ, ಮಡಚುವ ಟ್ರಾಲಿ ತೆಗೆದುಕೊಳ್ಳಿ. ಮೂರು ವರ್ಷದಲ್ಲಿ ಹಾಳಾದದ್ದು ಮುಚ್ಚಳದ ರಬ್ಬರ್ ಒಂದೇ. ತಪ್ಪು ನನ್ನದು, ವಾಸನೆಗೆಂದು ಬ್ಲೀಚ್ ಸುರಿದಿದ್ದೆ. ಹೊಸ ರಬ್ಬರ್ ಹತ್ತು ನಿಮಿಷದ ಕೆಲಸ. ಒಳಗೆ ಹಳದಿ ಗಸಿ ಕಟ್ಟಿದರೆ ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ರಾತ್ರಿಯಿಡೀ ಬಿಡುತ್ತೇನೆ. ವಾಸನೆ ತಡೆಯಲು ಡಬ್ಬಕ್ಕೆ ಹಾಕುವ ನೀಲಿ ಕೆಮಿಕಲ್ ಬಿಟ್ಟು, ಫಾರ್ಮಾಲ್ಡಿಹೈಡ್ ಎಂಬ ವಿಷ ಇಲ್ಲದ ಹಸಿರು ಕೆಮಿಕಲ್ ತರುತ್ತೇವೆ. ಬೇಸಿಗೆಯಲ್ಲಿ ಅದರ ಕೈ ಸ್ವಲ್ಪ ಸೋಲುತ್ತದೆ, ನಿಜ.

ಐದಕ್ಕೆ ನಾಲ್ಕು ಸ್ಟಾರ್. ಬೆನ್ನುನೋವಿದ್ದವರಿಗೆ ಎರಡೇ.

ಕ್ಯಾಸೆಟ್ ಎರಡು ಇದ್ದವು, ಈ ವಾರ ಮೂರನೆಯದನ್ನು ಕೊಂಡೆವು. ಮೇ ತಿಂಗಳಿಗೆ ಅಮ್ಮ ಬರುತ್ತಿದ್ದಾಳೆ.